ಕೇಳಿ ಬಂದವರಿಗೆ ವರ್ಗ, ಕೇಳದೆ ನುಗ್ಗುವವರಿಗೆ?

ಒಬ್ಬ ತಾಯಿ ಭಾನುವಾರ ಯಾವ ದೇವರ ಮುಂದೆ ಕೈಮುಗಿಯುತ್ತಾಳೆ ಎನ್ನುವುದು ಮನೆಯ ಜಗಲಿಯ ಮೇಲೆ ಮುಗಿಯಬೇಕಾದ ಮಾತು. ಹೊಸದುರ್ಗದಲ್ಲಿ ಅದು ವಿಧಾನಸಭೆಗೆ ಹೋಯಿತು. 2021ರ ಸೆಪ್ಟೆಂಬರ್ 21ರಂದು ಅಂದಿನ ಹೊಸದುರ್ಗ ಶಾಸಕ, ಬಿಜೆಪಿಯ ಗೂಳಿಹಟ್ಟಿ ಶೇಖರ್ ಸದನದಲ್ಲಿ ಎದ್ದು ನಿಂತು, ತಮ್ಮ ತಾಯಿಯವರನ್ನೇ ಕ್ರೈಸ್ತರು ಮತಾಂತರ ಮಾಡಿದ್ದಾರೆ, ಕುಂಕುಮ ಇಡಬೇಡಿ ಅಂತ ಹೇಳಿಕೊಟ್ಟಿದ್ದಾರೆ, ಅವರ ಮೊಬೈಲಿಗೆ ಕರೆ ಬಂದರೂ ಯೇಸುವಿನ ಹಾಡೇ ಮೊಳಗುತ್ತದೆ ಎಂದು ಹೇಳಿಕೊಂಡರು. ತಮ್ಮ ಕ್ಷೇತ್ರದಲ್ಲಿ 15ರಿಂದ 20 ಸಾವಿರ ಮಂದಿ ಹೀಗೆ ಮತಾಂತರವಾಗಿದ್ದಾರೆ ಎಂದೂ ಸೇರಿಸಿದರು. ಗೃಹ ಮಂತ್ರಿ ಆರಗ ಜ್ಞಾನೇಂದ್ರ ಕಾಯಿದೆ ತರುವ ಮಾತಾಡಿದರು. ಮರುದಿನ ರಾಜ್ಯದ ಪತ್ರಿಕೆಗಳಲ್ಲೆಲ್ಲ ಹೊಸದುರ್ಗ.

ಮಗನ ಸಂಕಟ ಸುಳ್ಳೆಂದು ಹೇಳುವ ಅಗತ್ಯವಿಲ್ಲ. ಮನೆದೇವರ ಪೂಜೆಗೆ ಹೆತ್ತವಳು ಬಾರದಿದ್ದರೆ ಯಾವ ಮಗನಿಗೂ ಹೊಟ್ಟೆ ಉರಿಯುತ್ತದೆ. ಆದರೆ ಅಂದು ಸದನದಲ್ಲಿ ಕೇಳಿಸಿದ್ದು ಮಗನ ಮಾತು ಮಾತ್ರ. ಆ ತಾಯಿ ಯಾಕೆ ಹೋದರು, ಅಲ್ಲಿ ಅವರಿಗೆ ಸಿಕ್ಕಿದ್ದೇನು, ಇಲ್ಲಿ ಸಿಗದಿದ್ದುದೇನು ಎಂದು ಆ ದೊಡ್ಡ ಸಭೆಯಲ್ಲಿ ಒಬ್ಬರಾದರೂ ಕೇಳಿದ ದಾಖಲೆಯಿಲ್ಲ. ಮುಂದಿನ ತಿಂಗಳೇ, ಅಂದರೆ ಅಕ್ಟೋಬರಿನಲ್ಲಿ, ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಪೂಜೆ ಮಾಡಿಸಿ ತಾಯಿಯವರನ್ನೂ ಇನ್ನು ಕೆಲವು ಮನೆಯವರನ್ನೂ ಮರಳಿ ಕರೆತರಲಾಯಿತು. ಹೋದಾಗಲೂ ಬಂದಾಗಲೂ ಮಾತಾಡಿದವರು ಬೇರೆಯವರೇ.

ಇದು ಪಕ್ಕದ ತಾಲ್ಲೂಕಿನ ಹಳೇ ಸುದ್ದಿ, ನಮಗೇನು ಅಂತ ಹೊಳಲ್ಕೆರೆಯವರಾಗಲಿ ಬಿ.ದುರ್ಗ ಹೋಬಳಿಯವರಾಗಲಿ ಹೇಳುವಂತಿಲ್ಲ. ತಾಲ್ಲೂಕಿನ ಗಡಿ ಕಂದಾಯ ಇಲಾಖೆಯ ನಕ್ಷೆಯಲ್ಲಿದೆ. ಹೆಣ್ಣು ಕೊಟ್ಟು ತಂದ ಮನೆಗಳಿಗೆ ಯಾವ ಗಡಿ? ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ, ಚಿತ್ರದುರ್ಗ ಪರಿಶಿಷ್ಟ ಜಾತಿಗೆ ಮೀಸಲಾದ ಲೋಕಸಭಾ ಕ್ಷೇತ್ರ. ಪ್ರಾರ್ಥನೆಗೆ ಹೋಗುವವರು ಬಹುಪಾಲು ಯಾವ ಕೇರಿಯವರು, ಯಾವ ಹಟ್ಟಿಯವರು ಎಂಬುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷ ಈ ಜಿಲ್ಲೆಯಲ್ಲಿ ನಡೆದ ಒಂದೇ ಒಂದು ನೆಟ್ಟನೆಯ ಕೆಲಸವೆಂದರೆ ಹೊಸದುರ್ಗ ತಹಶೀಲ್ದಾರರದು. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಕಲ್ಯಾಣದ ಶಾಸಕಾಂಗ ಸಮಿತಿ ಚರ್ಚುಗಳ ಸಮೀಕ್ಷೆ ಮಾಡಿ ಎಂದು ಅಧಿಕಾರಿಗಳಿಗೆ ಹೇಳಿತ್ತು. ಕೂತಲ್ಲೇ ಒಂದು ವರದಿ ಗೀಚಿ ಕಳಿಸಬಹುದಿತ್ತು. ಹಾಗೆ ಮಾಡದೆ ತಾಲ್ಲೂಕು ಆಡಳಿತದವರು ಹಳ್ಳಿಗಳಿಗೆ ಹೋದರು. ಮತಾಂತರವಾದವರು ಎಂದು ಹೆಸರು ಕೇಳಿಬಂದ 46 ಮನೆಯವರನ್ನು ಕಂಡು ಕೇಳಿದರು. ನಿಮ್ಮನ್ನು ಯಾರಾದರೂ ಹೆದರಿಸಿದರಾ? ದುಡ್ಡು ಕೊಟ್ಟರಾ? ಇಲ್ಲ ಸ್ವಾಮಿ, ನಮ್ಮ ಇಷ್ಟದಿಂದ ಹೋಗುತ್ತೇವೆ ಎಂಬ ಅರ್ಥದ ಉತ್ತರ ಬಂತು. ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ವರದಿ ಹೋಯಿತು. ಅದು ಶಾಸಕರಿಗೆ ಹಿಡಿಸಲಿಲ್ಲ. ಡಿಸೆಂಬರಿನಲ್ಲಿ ತಹಶೀಲ್ದಾರರಿಗೆ ವರ್ಗವಾಯಿತು.

ವರ್ಗದ ಆದೇಶಗಳಲ್ಲಿ ಕಾರಣ ಬರೆಯುವ ಪದ್ಧತಿ ನಮ್ಮ ಸರ್ಕಾರಗಳಿಗಿಲ್ಲ. ಹಾಗಾಗಿ ಇದಕ್ಕೆ ಅದೇ ಕಾರಣ ಅಂತ ಹೇಳಲು ಕಾಗದವಿಲ್ಲ. ಆದರೆ ಜಿಲ್ಲೆಯ ಪ್ರತಿ ಗುಮಾಸ್ತನೂ ಅದನ್ನು ಹೇಗೆ ಓದಿಕೊಂಡ ಎನ್ನುವುದು ಗೊತ್ತಿರುವ ವಿಷಯವೇ. ಇನ್ನು ಮುಂದೆ ಯಾವ ಅಧಿಕಾರಿ ಧೂಳು ತುಳಿದು ಹಟ್ಟಿಗೆ ಹೋಗಿ ಜನರ ಬಾಯಿಂದಲೇ ಕೇಳಿ ಬರೆದಾನು?

ಕೇಳಿದರೆ ಏನು ಉತ್ತರ ಬರುತ್ತದೆ ಎನ್ನುವುದು ನಿಗೂಢವೇನಲ್ಲ. ಗಂಡ ಕುಡಿತ ಬಿಟ್ಟ ಅನ್ನುವ ಹೆಂಗಸು ಇದ್ದಾಳೆ. ಆಸ್ಪತ್ರೆಗೆ ಅಲೆದು ಅಲೆದು ಕೈಯಲ್ಲಿದ್ದ ಕಾಸೂ ಕರಗಿ, ಕೊನೆಗೆ ಪ್ರಾರ್ಥನೆಗೆ ಹೋದ ಮೇಲೆ ಮಗು ಎದ್ದು ಓಡಾಡಿತು ಅನ್ನುವ ತಂದೆ ಇದ್ದಾನೆ. ಮಗು ಎದ್ದದ್ದು ಮಾತ್ರೆಯಿಂದಲೋ ಪ್ರಾರ್ಥನೆಯಿಂದಲೋ, ಅದು ಬೇರೆ ವಾದ. ಹರಕೆ ಹೊತ್ತು ವಾಸಿಯಾಯಿತು ಅನ್ನುವವರ ಜೊತೆ ನಾವು ಆ ವಾದಕ್ಕೆ ಇಳಿಯುತ್ತೇವಾ? ಇನ್ನೊಂದು ಉತ್ತರ ಬರುತ್ತದೆ, ಅದನ್ನು ಜನ ಸ್ವಲ್ಪ ತಡೆದು ತಡೆದು ಹೇಳುತ್ತಾರೆ. ಅಲ್ಲಿ ಚಾಪೆಯ ಮೇಲೆ ಎಲ್ಲರ ಜೊತೆ ಕೂರಿಸುತ್ತಾರೆ. ಕೈ ಹಿಡಿದು ಹೆಸರು ಹೇಳಿ ಮಾತಾಡಿಸುತ್ತಾರೆ. ಹೊರಗೆ ನಿಲ್ಲು ಅನ್ನುವುದಿಲ್ಲ.

ಹೊರಗೆ ನಿಲ್ಲು ಅನ್ನುವುದು ಇನ್ನೂ ಇದೆಯಾ ಎಂದು ಕೇಳುವವರು 2019ರ ಸೆಪ್ಟೆಂಬರಿನ ಒಂದು ಘಟನೆ ನೆನಪು ಮಾಡಿಕೊಳ್ಳಲಿ. ಚಿತ್ರದುರ್ಗದ ಅಂದಿನ ಲೋಕಸಭಾ ಸದಸ್ಯ ಎ. ನಾರಾಯಣಸ್ವಾಮಿಯವರು ತಮ್ಮದೇ ಕ್ಷೇತ್ರದ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ, ಹಟ್ಟಿಯವರ ಕಷ್ಟ ವಿಚಾರಿಸಲೆಂದು ಹೋದರು. ಅವರು ದಲಿತರು ಎಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಲಕ್ಷಗಟ್ಟಲೆ ಮತ ಪಡೆದು, ದಿಲ್ಲಿಯ ಪಾರ್ಲಿಮೆಂಟಿನಲ್ಲಿ ಕುರ್ಚಿ ಇದ್ದ ಮನುಷ್ಯ ಹಟ್ಟಿಯ ಬಾಗಿಲಲ್ಲಿ ನಿಂತು ಹಿಂತಿರುಗಿದರು. ಎಂಪಿಯ ಗತಿ ಇದಾದರೆ ಕೂಲಿಯವನದು ಏನು? ಅಂದು ಹಟ್ಟಿಯ ಬಾಗಿಲಿಗೆ ಅಡ್ಡ ನಿಂತವರ ಮೇಲೆ ಧರ್ಮರಕ್ಷಣೆಯ ಯಾವ ಪಡೆಯೂ ದಂಡೆತ್ತಿ ಹೋಗಲಿಲ್ಲ. ಹೋಗಬೇಕಿತ್ತು ಅಂತಲೂ ಅಲ್ಲ. ಬಾಗಿಲು ಮುಚ್ಚಿದವನ ಹತ್ತಿರ ಸಂಧಾನ, ಬಾಗಿಲು ತೆರೆದವನ ಹತ್ತಿರ ದೊಣ್ಣೆ, ಇದು ಯಾವ ಲೆಕ್ಕ ಎಂಬುದಷ್ಟೇ ಪ್ರಶ್ನೆ.

ಹಾಗಂತ ಪಾಸ್ಟರುಗಳೆಲ್ಲ ಹಾಲಿನಂಥವರು ಎಂದು ಯಾರೂ ಸರ್ಟಿಫಿಕೇಟ್ ಕೊಡಬೇಕಾಗಿಲ್ಲ. ನಿನ್ನೆ ಮೊನ್ನೆ ಬೈಬಲ್ ಹಿಡಿದ ಕೆಲವರು ಊರಮ್ಮನನ್ನು ಸೈತಾನ ಅನ್ನುವುದು, ಕುಂಕುಮ ಅಳಿಸು, ತಾಳಿ ಬಿಚ್ಚು ಅನ್ನುವುದು, ಸತ್ತ ತಂದೆಗೆ ಎಡೆ ಇಡಬೇಡ ಅನ್ನುವುದು ನಡೆಯುತ್ತದೆ. ಒಂದೇ ಮನೆಯಲ್ಲಿ ಅಣ್ಣ ಜಾತ್ರೆಗೆ ಪಟ್ಟಿ ಕೊಟ್ಟು ತಮ್ಮ ಕೊಡುವುದಿಲ್ಲ ಅಂದಾಗ ಜಗಳ ಹತ್ತಿಕೊಳ್ಳುತ್ತದೆ. ಜಾತ್ರೆಯ ಪಟ್ಟಿ ಎಂದರೆ ಹಳ್ಳಿಯಲ್ಲಿ ಬರೀ ನೂರಿನ್ನೂರು ರೂಪಾಯಿಯಲ್ಲ; ಊರಿನೊಳಗೆ ಒಬ್ಬನ ಪಾಲು ಇದೆ ಎಂಬುದರ ರಸೀದಿ ಅದು. ಅದನ್ನು ಬೇಡ ಅನ್ನಿಸುವ ಬೋಧಕ, ತಾನು ಹೋದ ಮೇಲೆ ಆ ಕುಟುಂಬ ಅದೇ ಓಣಿಯಲ್ಲಿ ನೀರು ಹಿಡಿಯಬೇಕು, ಅದೇ ಮಸಣದಲ್ಲಿ ಹೂಳಬೇಕು ಎಂಬುದನ್ನು ಯೋಚಿಸುವುದಿಲ್ಲ. ಹಳೆಯ ಪಾದ್ರಿಗಳಿಗೆ ಈ ವಿವೇಕ ಹೆಚ್ಚಿತ್ತು. ಸರ್ವಜ್ಞನ ವಚನಗಳನ್ನು ಹಳ್ಳಿಹಳ್ಳಿ ಸುತ್ತಿ ಒಟ್ಟುಮಾಡಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಯೇಸುವನ್ನು ನಂಬಲು ಸರ್ವಜ್ಞನನ್ನು ಬಿಡಬೇಕು ಅಂತ ಅವರಿಗೆ ಅನ್ನಿಸಲಿಲ್ಲ.

ಇತಿಹಾಸ ತೆಗೆದರೆ ಕ್ರೈಸ್ತ ರಾಜ್ಯಗಳ ಕೈಗೂ ರಕ್ತ ಅಂಟಿದೆ. 1560ರಲ್ಲಿ ಗೋವಾದಲ್ಲಿ ಪೋರ್ಚುಗೀಸರು ಮತವಿಚಾರಣೆಯ ನ್ಯಾಯಾಲಯ ಕೂರಿಸಿದರು. ಪೋರ್ಚುಗೀಸರ ಕಾಟ ತಾಳದೆ ಎಷ್ಟೋ ಕೊಂಕಣಿ ಕುಟುಂಬಗಳು ದೇವರ ಮೂರ್ತಿ ಹೊತ್ತು ನಮ್ಮ ಕರಾವಳಿಗೆ ಬಂದವು. ಅದು ನಿಜ. ಆದರೆ ಆ ಪಾಪಕ್ಕೆ ಹೊಸದುರ್ಗದ ಕಲ್ಲು ಒಡೆಯುವವನಿಂದ ದಂಡ ವಸೂಲಿ ಮಾಡುವುದು ಯಾವ ನ್ಯಾಯ? ಅವನಿಗೆ ಗೋವಾ ಎಲ್ಲಿದೆ ಅಂತಲೂ ಗೊತ್ತಿಲ್ಲ.

ಬೋಧಕ ನಿಂದನೆಯ ಮಾತಾಡಿದರೆ ಠಾಣೆ ಇದೆ, ಕಾನೂನು ಇದೆ. ಇನ್ನೊಬ್ಬರ ಧಾರ್ಮಿಕ ಭಾವನೆ ಕೆರಳಿಸುವುದು ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲೂ ಅಪರಾಧವಾಗಿತ್ತು, 2024ರಿಂದ ಬಂದ ಹೊಸ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ದೂರು ಕೊಡಲು ಒಂದು ಹಾಳೆ ಸಾಕು. ಆದರೆ ಹಾಳೆ ಬರೆದವನಿಗೆ ಹಾರ ಬೀಳುವುದಿಲ್ಲ, ಫೋಟೋ ಬರುವುದಿಲ್ಲ. ಬಾಗಿಲು ಒದ್ದು ಒಳನುಗ್ಗಿದವನ ವಿಡಿಯೋ ಸಂಜೆಯೊಳಗೆ ತಾಲ್ಲೂಕೆಲ್ಲ ಓಡುತ್ತದೆ. ಇಂದಿನ ದಾಂಧಲೆಯ ಗುಟ್ಟು ಇಷ್ಟೇ. ಅದು ಧರ್ಮದ ಕೋಪಕ್ಕಿಂತ ಹೆಚ್ಚಾಗಿ ಹೆಸರಿನ ಹಸಿವು.

2008ರ ಸೆಪ್ಟೆಂಬರ್ 14, ಭಾನುವಾರ. ಒಡಿಶಾದ ಕಂಧಮಾಲ್‌ನಲ್ಲಿ ಆಗಸ್ಟಿನಲ್ಲಿ ಸ್ವಾಮಿ ಲಕ್ಷ್ಮಣಾನಂದರ ಕೊಲೆಯಾಗಿ, ಅದರ ಬೆನ್ನಿಗೇ ಕ್ರೈಸ್ತರ ಮನೆಗಳು ಉರಿದಿದ್ದವು. ಇತ್ತ ನಮ್ಮ ರಾಜ್ಯದಲ್ಲಿ ನ್ಯೂ ಲೈಫ್ ಎಂಬ ಪಂಗಡದವರು ಹಂಚಿದ ‘ಸತ್ಯದರ್ಶಿನಿ’ ಪುಸ್ತಕದಲ್ಲಿ ಹಿಂದೂ ದೇವರುಗಳ ನಿಂದನೆ ಇದೆ ಎಂಬ ಸಿಟ್ಟು ಎದ್ದಿತ್ತು. ಸಿಟ್ಟು ಪುಸ್ತಕದ ಮೇಲೆ. ಏಟು ಬಿದ್ದದ್ದು ಮಂಗಳೂರಿನ ಮಿಲಾಗ್ರಿಸ್ ಹತ್ತಿರದ ಸನ್ಯಾಸಿನಿಯರ ಮಠದ ಮೇಲೆ. ಆ ಪುಸ್ತಕಕ್ಕೂ ಗೋಡೆಯೊಳಗೆ ಕೂತು ಮೌನವಾಗಿ ಪ್ರಾರ್ಥಿಸುವ ಆ ಕೆಥೋಲಿಕ್ ಸನ್ಯಾಸಿನಿಯರಿಗೂ ಸಂಬಂಧವೇ ಇರಲಿಲ್ಲ. ಅದೇ ಹೊತ್ತಿಗೆ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಕಡೆ ಹಲವು ಪ್ರಾರ್ಥನಾ ಮಂದಿರಗಳಿಗೆ ನುಗ್ಗಿದರು. ಪ್ರತಿಭಟಿಸಿದ ಕ್ರೈಸ್ತ ಹುಡುಗರು ಕಲ್ಲು ತೂರಿದರು, ಪೊಲೀಸರು ಲಾಠಿ ಬೀಸಿದರು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತಿತು. 2010ರಲ್ಲಿ ಮಧ್ಯಂತರ ವರದಿ, 2011ರ ಜನವರಿಯಲ್ಲಿ ಅಂತಿಮ ವರದಿ. ಮಧ್ಯಂತರ ಒಂದು ದಿಕ್ಕಿಗೆ, ಅಂತಿಮ ಇನ್ನೊಂದು ದಿಕ್ಕಿಗೆ ನೋಡಿದವು ಎಂದು ಜನ ಆಡಿಕೊಂಡರು.

ಆ ದಾಳಿ ನಮ್ಮದೇ ಎಂದು ಆಗ ಎದೆ ತಟ್ಟಿ ಹೇಳಿದವರು ಬಜರಂಗದಳದ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್. ಬಂಧನವಾಯಿತು, ಜೈಲಾಯಿತು. ಆಮೇಲೆ ಆ ಮನುಷ್ಯ ಸಂಘಟನೆ ಬಿಟ್ಟರು. 2020ರ ಏಪ್ರಿಲಿನಲ್ಲಿ ತೀರಿಕೊಳ್ಳುವ ತನಕ ವೇದಿಕೆಯಿಂದ ವೇದಿಕೆಗೆ ಹೋಗಿ ದ್ವೇಷದ ರಾಜಕೀಯದ ವಿರುದ್ಧ ಮಾತಾಡಿದರು. ಕೇಸು ಹೊತ್ತು ಕೋರ್ಟಿಗೆ ಅಲೆಯುವವರು ಬಡವರ, ಹಿಂದುಳಿದವರ ಮಕ್ಕಳೇ ಎಂಬುದು ಅವರ ಮಾತಿನ ತಿರುಳು. ಇದು ಹೊರಗಿನ ಬುದ್ಧಿಜೀವಿಯ ಟೀಕೆಯಲ್ಲ, ಒಳಗಿದ್ದು ಬಂದವನ ಲೆಕ್ಕಾಚಾರ. ಹಾಳುಮಾಡಲು ಮುಂದೆ ನಿಂತ ಹುಡುಗ ಪ್ರತಿ ತಿಂಗಳು ವಾಯಿದೆಗೆ ಬಸ್ ಚಾರ್ಜು ಹುಡುಕುತ್ತಾನೆ. ಹಿಂದೆ ನಿಂತು ಕಿರುಚಿದವರ ಮಕ್ಕಳು? ಕಾನ್ವೆಂಟಿನಲ್ಲಿ ಓದುತ್ತಿರುತ್ತಾರೆ. ಸೀಟಿಗಾಗಿ ಫಾದರ್ ಮುಂದೆ ಕೈಕಟ್ಟಿ ನಿಲ್ಲುವಾಗ ಯಾರಿಗೂ ಮತಾಂತರದ ಭಯ ಇರುವುದಿಲ್ಲ.

ಹೊಸದುರ್ಗದ ಭಾಷಣದ ವರ್ಷಕ್ಕೆ ಬಂದರೆ, 2021ರ ಜನವರಿಯಿಂದ ನವೆಂಬರ್‌ವರೆಗೆ ರಾಜ್ಯದಲ್ಲಿ ಕ್ರೈಸ್ತರ ಮೇಲೆ 39 ದಾಳಿಗಳಾದವು ಎಂದು ಪಿಯುಸಿಎಲ್ ಸಂಸ್ಥೆ ಪಟ್ಟಿ ಕೊಟ್ಟಿತು. ಅಕ್ಟೋಬರ್ 17ರಂದು ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ ಪ್ರಾರ್ಥನಾ ಮಂದಿರದೊಳಗೆ ನುಗ್ಗಿ ಕೂತು ಭಜನೆ ಮಾಡಿದರು. ಬಂಧನಕ್ಕೊಳಗಾದವನು ಒಳಗಿದ್ದ ಪಾಸ್ಟರು. ಅವನನ್ನು ಹಿಡಿಯಿರಿ ಎಂದು ಹೆದ್ದಾರಿ ತಡೆದವರಲ್ಲಿ ಶಾಸಕ ಅರವಿಂದ ಬೆಲ್ಲದರೂ ಇದ್ದರು. ಭಜನೆ ಎಂದರೆ ದಾಸರು ಬೀದಿಯಲ್ಲಿ ಹಾಡಿಕೊಂಡು ಹೋದದ್ದು. ಇನ್ನೊಬ್ಬರ ಮನೆಗೆ ನುಗ್ಗಿ ಹೆದರಿಸಲು ಅದನ್ನು ಬಳಸಬಹುದು ಅಂತ ಪುರಂದರದಾಸರಿಗೆ ಹೊಳೆದಿರಲಿಲ್ಲ.

ಸಾವಿರ ಸಾವಿರ ಮಂದಿ ಮತಾಂತರವಾದರು ಎನ್ನುವ ಲೆಕ್ಕಕ್ಕೂ ಜನಗಣತಿಯ ಲೆಕ್ಕಕ್ಕೂ ಹೊಂದಿಕೆಯಿಲ್ಲ. ರಾಜ್ಯದಲ್ಲಿ ಕ್ರೈಸ್ತರು 2001ರಲ್ಲಿ ನೂರಕ್ಕೆ 1.91, 2011ರಲ್ಲಿ 1.87. ಏರಿಲ್ಲ, ಇಳಿದಿದೆ. ಆದರೆ ಈ ಅಂಕಿ ಹಿಡಿದು ಮಾತು ಮುಗಿಸುವುದೂ ಪ್ರಾಮಾಣಿಕವಲ್ಲ. ಗಣತಿಯವರು ಬಂದಾಗ ಪ್ರಾರ್ಥನೆಗೆ ಹೋಗುವವನು ಬಾಯಿ ಬಿಡುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಸ್ಥಾನ ಹೋಗುತ್ತದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆದರು, ಕ್ರೈಸ್ತರಿಗೆ ತೆರೆದಿಲ್ಲ. ಧರ್ಮ ಬದಲಾದರೂ ಕೇರಿ ಬದಲಾಗುವುದಿಲ್ಲ, ಕೂಲಿ ಬದಲಾಗುವುದಿಲ್ಲ, ಆದರೆ ಸರ್ಟಿಫಿಕೇಟು ಮಾತ್ರ ಹೋಗುತ್ತದೆ. ಮಗಳ ಹಾಸ್ಟೆಲ್ ಸೀಟು, ಮಗನ ನೌಕರಿ ಎಲ್ಲ ಆ ಕಾಗದಕ್ಕೆ ನೇತುಹಾಕಿಕೊಂಡಿವೆ. ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯೂ ಅದರ ಜೊತೆಗೇ: ಪಾಸ್ಟರಾಗಿದ್ದ ಪರಿಶಿಷ್ಟನೊಬ್ಬನಿಗೆ ಆ ಕಾಯಿದೆ ಸಲ್ಲದು ಎಂದು ಆಂಧ್ರ ಹೈಕೋರ್ಟು 2025ರಲ್ಲಿ ತೀರ್ಪು ಕೊಟ್ಟಿತು.

ಅವನ ಇಕ್ಕಟ್ಟು ನೋಡಿ. ಕ್ರೈಸ್ತ ಅಂದರೆ ಸವಲತ್ತು ಹೋಗುತ್ತದೆ. ಹಿಂದೂ ಅಂದರೆ ಸುಳ್ಳುಗಾರ ಅನ್ನುತ್ತಾರೆ. ಏಟು ತಿಂದರೆ ಠಾಣೆಗೆ ಹೋಗಲು ಭಯ, ಯಾಕೆಂದರೆ ಮೊದಲ ಪ್ರಶ್ನೆಯೇ ‘ನಿಂದು ಯಾವ ಜಾತಿ, ಯಾವ ಧರ್ಮ’. ಇಂಥವನನ್ನು ಹೊಡೆಯುವುದು ಬಹಳ ಸುಲಭ. ಹೊಡೆಯುವವರಿಗೆ ಇದು ಚೆನ್ನಾಗಿ ಗೊತ್ತು.

ಇಂಥವನಿಗೆ ಸರ್ಕಾರ ಕೊಟ್ಟ ಉತ್ತರ ಕಾಯಿದೆ. 2021ರ ಡಿಸೆಂಬರ್ 23ರಂದು ವಿಧಾನಸಭೆಯಲ್ಲಿ, ನಡುವೆ ಸುಗ್ರೀವಾಜ್ಞೆಯಾಗಿ, 2022ರ ಸೆಪ್ಟೆಂಬರಿನಲ್ಲಿ ಪರಿಷತ್ತಿನಲ್ಲಿ ಪಾಸಾದ ಮತಾಂತರ ತಡೆ ಕಾಯಿದೆ. ಧರ್ಮ ಬದಲಿಸುವವನು 30 ದಿನ ಮೊದಲು ಜಿಲ್ಲಾಧಿಕಾರಿಗೆ ಬರೆದು ಕೊಡಬೇಕು. ಅದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲೂ ತಾಲ್ಲೂಕು ಕಚೇರಿಯಲ್ಲೂ ನೋಟೀಸ್ ಬೋರ್ಡಿಗೆ ಅಂಟಿಸಿ ಆಕ್ಷೇಪಣೆ ಕರೆಯಬೇಕು. ರಕ್ತಸಂಬಂಧಿ ಮಾತ್ರವಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ಬಲವಂತ ಮಾಡಿಲ್ಲ ಎಂದು ರುಜುವಾತು ಮಾಡುವ ಹೊಣೆ ಆರೋಪಿಯದೇ. ಪರಿಶಿಷ್ಟರು, ಹೆಂಗಸರು, ಅಪ್ರಾಪ್ತರ ವಿಷಯದಲ್ಲಿ ಶಿಕ್ಷೆ 10 ವರ್ಷದ ತನಕ. ಕೂಲಿಯವನ ಹೆಸರು, ವಿಳಾಸ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಒಂದು ತಿಂಗಳು ನೇತಾಡಿದರೆ ಅದನ್ನು ಮೊದಲು ಓದುವವರು ಯಾರು, ಓದಿ ಎಲ್ಲಿಗೆ ಹೋಗುತ್ತಾರೆ? ಇನ್ನೊಂದು ವಿಶೇಷ: ಬಿಟ್ಟ ಧರ್ಮಕ್ಕೆ ಮರಳಿ ಬಂದರೆ ಅದು ಈ ಕಾಯಿದೆಯಲ್ಲಿ ಮತಾಂತರವೇ ಅಲ್ಲ. ಹೋಗುವವನಿಗೆ ಅರ್ಜಿ, ನೋಟೀಸು, ವಿಚಾರಣೆ. ಬರುವವನಿಗೆ ಏನೂ ಇಲ್ಲ. ಬರುವಾಗ ಯಾರಾದರೂ ಕೈ ತಿರುಚಿದರೆ ಎಂದು ಕಾಯಿದೆ ಬರೆದವರು ಯೋಚಿಸಿದಂತಿಲ್ಲ. ಇದನ್ನು ರದ್ದು ಮಾಡಲು ಮುಂದಿನ ಸರ್ಕಾರದ ಸಂಪುಟ 2023ರ ಜೂನ್ 15ರಂದು ತೀರ್ಮಾನಿಸಿತು.

ಗೂಳಿಹಟ್ಟಿ ಶೇಖರರ ಕಥೆಯೂ ಅಲ್ಲಿಗೇ ನಿಲ್ಲಲಿಲ್ಲ. 2023ರ ಚುನಾವಣೆಯಲ್ಲಿ ಅವರಿಗೆ ಬಿಜೆಪಿ ಟಿಕೆಟ್ ಸಿಗಲಿಲ್ಲ. ಗೆದ್ದವರು ಕಾಂಗ್ರೆಸ್ಸಿನ ಬಿ.ಜಿ. ಗೋವಿಂದಪ್ಪ. ಅದೇ ವರ್ಷದ ಡಿಸೆಂಬರಿನಲ್ಲಿ ಶೇಖರ್ ಒಂದು ಆರೋಪ ಮಾಡಿದರು. ನಾಗಪುರದ ಹೆಡ್ಗೆವಾರ್ ಸ್ಮಾರಕದಲ್ಲಿ ಜಾತಿ ಕೇಳಿ, ಪರಿಶಿಷ್ಟ ಎಂಬ ಕಾರಣಕ್ಕೆ ತಮ್ಮನ್ನು ಒಳಗೆ ಬಿಡಲಿಲ್ಲ ಎಂಬ ಆರೋಪ. ಆರೆಸ್ಸೆಸ್ ಅದನ್ನು ಅಲ್ಲಗಳೆಯಿತು. ಅಂಥ ಪದ್ಧತಿಯೇ ಇಲ್ಲ ಅಂದಿತು. ಯಾರದು ಸರಿ ಎಂದು ತೀರ್ಮಾನಿಸುವುದು ದುರ್ಗದಲ್ಲಿ ಕೂತವರ ಕೆಲಸವಲ್ಲ. ಆದರೆ ಬಾಗಿಲಲ್ಲಿ ತಡೆದರೆ ಮನುಷ್ಯನಿಗೆ ಹೇಗನ್ನಿಸುತ್ತದೆ ಎಂಬುದನ್ನು ಅವರ ಬಾಯಿಂದಲೇ ರಾಜ್ಯ ಕೇಳಿತು. 2021ರಲ್ಲಿ ಚರ್ಚಿನ ಬಾಗಿಲಿಗೆ ಹೋದ ಹೊಸದುರ್ಗದವರನ್ನು ಅದೇ ಕಿವಿಯಿಂದ ಕೇಳಿದ್ದರೆ ಸದನದ ಭಾಷಣ ಬೇರೆಯಾಗುತ್ತಿತ್ತೋ ಏನೋ.

ಈ ಜಿಲ್ಲೆಗೆ ಬೇರೆ ನಡವಳಿಕೆ ಗೊತ್ತಿಲ್ಲ ಅಂತಲ್ಲ. 1997ರಲ್ಲಿ ದಾವಣಗೆರೆ ಬೇರೆಯಾಗುವ ತನಕ ಹರಿಹರ ನಮ್ಮ ಜಿಲ್ಲೆಯದೇ. ಅಲ್ಲಿನ ಆರೋಗ್ಯಮಾತೆಗೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಕುಂಕುಮ ಇಟ್ಟವರೂ ಬುರ್ಖಾ ತೊಟ್ಟವರೂ ಮೇಣದಬತ್ತಿ ಹಚ್ಚುತ್ತಾರೆ. ಹರಿಹರೇಶ್ವರನಿಗೂ ಕೈಮುಗಿದು ಬಸ್ ಹತ್ತುತ್ತಾರೆ. ಯಾರೂ ಅವರ ಸರ್ಟಿಫಿಕೇಟು ಕೇಳುವುದಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು 1892ರಲ್ಲಿ ಬೆಳಕಿಗೆ ತಂದ ಬಿ.ಎಲ್. ರೈಸ್ ಒಬ್ಬ ಪಾದ್ರಿಯ ಮಗ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಎನ್ನುವುದು ಆ ಬಂಡೆಯ ಸಾರ. ತಾಯಿಯ ಮಾತು ಕೇಳುವುದೇ ಅಲ್ಲಿ ಮೊದಲನೆಯದು, ಶಾಸಕರು ಗಮನಿಸಬಹುದಿತ್ತು.

ಈಗ ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ. ಹೊಸದುರ್ಗ ತಾಲ್ಲೂಕು ಆಡಳಿತ ಆ 46 ಮನೆಯವರಿಂದ ಪಡೆದ ಉತ್ತರಗಳು ಜಿಲ್ಲಾಡಳಿತದ ಕಡತದಲ್ಲಿವೆ. ಹೆಸರು, ಊರು ಮರೆಮಾಡಿ ಅವನ್ನು ಜಿಲ್ಲಾಡಳಿತ ಹೊರಗಿಡಲಿ. ಜನ ಯಾಕೆ ಹೋದರು ಎಂಬುದನ್ನು ಹೋದವರ ಮಾತಿನಲ್ಲೇ ಜಿಲ್ಲೆ ಓದಲಿ. ಪ್ರಾರ್ಥನೆಗೆ ಅಡ್ಡಿಯಾದರೆ ದೂರು ಕೊಟ್ಟವನ ಜಾತಿ ಕೇಳುವ ಮೊದಲು ಬಾಗಿಲು ಮುರಿದವನ ಹೆಸರು ಬರೆದುಕೊಳ್ಳಿ ಎಂದು ಎಸ್ಪಿ ಸಾಹೇಬರು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಠಾಣೆಗಳಿಗೆ ಒಂದು ಸುತ್ತೋಲೆ ಕಳಿಸಲಿ. ಮಠಗಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಸ್ವಾಮಿಗಳು ಮುಂದಿನ ಪಾದಯಾತ್ರೆಗೆ ಹೊರಡುವಾಗ ಊರ ಗುಡಿಯ ಬಾಗಿಲಿಂದಲೇ ಕೇರಿಯವರ ಕೈಹಿಡಿದು ಒಳಗೆ ಹೋಗಲಿ. ಕ್ರಿಸ್‌ಮಸ್ ಬಂದಾಗ ಪಾಸ್ಟರುಗಳು ಊರಿನ ಹಿರಿಯರನ್ನು ಕರೆದು ಕೇಕು ಕೊಡುವ ಜೊತೆಗೆ, ಜಾತ್ರೆಯ ಪಟ್ಟಿಯ ವಿಷಯದಲ್ಲಿ ಯಾರ ಮನೆಯಲ್ಲೂ ಜಗಳ ಹಚ್ಚುವುದಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳಲಿ.